ನಕ್ಷೆಯ ಹಳದಿ, ನೆಲದ ಮನೆಗಳು

ಕೇಳುಗರಿಗೆಲ್ಲ ನಮಸ್ಕಾರ. ಪೈಲಟ್‌ಗಳು ನಕ್ಷೆಯಲ್ಲಿ ಊರನ್ನು ಹೇಗೆ ಗುರುತಿಸುತ್ತಾರೆ, ಊರಿನ ಮೇಲೆ ಎಷ್ಟು ಎತ್ತರದಲ್ಲಿ ಹಾರಬೇಕು ಎಂಬುದರ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ನಾನು ಅಮೆರಿಕದಲ್ಲಿ ಸಣ್ಣ ವಿಮಾನ ಹಾರಿಸುವುದನ್ನು ಕಲಿಸಿದವನು. ಹಾಗಾಗಿ ಇವತ್ತು ಹೇಳುವುದೆಲ್ಲ ಅಲ್ಲಿನ ನಕ್ಷೆ, ಅಲ್ಲಿನ ನಿಯಮ. ಕೇಳುತ್ತಿರುವವರಲ್ಲಿ ಅಲ್ಲಿಗೆ ವಿಮಾನ ಕಲಿಯಲು ಹೊರಟವರು ಇರಬಹುದು, ಮಕ್ಕಳನ್ನು ಕಳಿಸಿರುವ ಅಪ್ಪ ಅಮ್ಮ ಇರಬಹುದು. ನಿಮಗೆಲ್ಲ ಒಂದೇ ಮಾತು ಹೇಳಬೇಕು ಅಂತ ಬಂದಿದ್ದೇನೆ, ಅದನ್ನೇ ಮತ್ತೆ ಮತ್ತೆ ಹೇಳುತ್ತೇನೆ. ನಕ್ಷೆಯ ಹಳದಿ ಬಣ್ಣ ನಿಯಮ ಅಲ್ಲ. ನಿಯಮ ಇರುವುದು ಕೆಳಗಿರುವ ಮನೆಗಳನ್ನು, ಜನರನ್ನು ನೋಡಿ.

ಮೊದಲು ನಕ್ಷೆ. ಕಣ್ಣಿಂದ ನೆಲ ನೋಡಿಕೊಂಡು ಹಾರುವವರು ಇಟ್ಟುಕೊಳ್ಳುವ ನಕ್ಷೆಗೆ ಸೆಕ್ಷನಲ್ ಚಾರ್ಟ್ ಅನ್ನುತ್ತಾರೆ. 56 ದಿನಕ್ಕೊಮ್ಮೆ ಹೊಸದು ಬರುತ್ತದೆ. ಅದರಲ್ಲಿ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ 5 ಕಿಲೋಮೀಟರ್. ದೊಡ್ಡ ನಗರ ತನ್ನ ಆಕಾರದಲ್ಲೇ ಹಳದಿ ಮಚ್ಚೆಯಾಗಿ ಕಾಣುತ್ತದೆ, ಅದಕ್ಕಿಂತ ಚಿಕ್ಕದು ಪುಟ್ಟ ಹಳದಿ ಚೌಕ, ಇನ್ನೂ ಚಿಕ್ಕ ಊರು ಬರೀ ಒಂದು ಸೊನ್ನೆ, ಪಕ್ಕದಲ್ಲಿ ಹೆಸರು. ನೋಡೋಕೆ ಬಹಳ ಚೆನ್ನಾಗಿರುತ್ತದೆ. ನಾನು ಇವತ್ತಿಗೂ ಹೊಸ ಚಾರ್ಟ್ ಕೈಗೆ ಬಂದರೆ ಮೇಜಿನ ಮೇಲೆ ಹರಡಿಕೊಂಡು ಅರ್ಧ ಗಂಟೆ ಸುಮ್ನೆ ನೋಡುತ್ತಾ ಕೂರುತ್ತೇನೆ.

ಈಗ ನಿಯಮ. ಅದರ ನಂಬರ್ 91.119. ಜನನಿಬಿಡ ಜಾಗದ ಮೇಲೆ ಹಾರುವಾಗ, ನಿಮ್ಮ ಸುತ್ತ 2,000 ಅಡಿಯೊಳಗೆ ಯಾವುದು ಅತಿ ಎತ್ತರವೋ, ಅದಕ್ಕಿಂತ 1,000 ಅಡಿ ಮೇಲಿರಬೇಕು. ಉಳಿದ ಕಡೆ ನೆಲದಿಂದ 500 ಅಡಿ ಸಾಕು. ಜನವೇ ವಿರಳವಾಗಿರುವ ಕಡೆ, ನೀರಿನ ಮೇಲೆ, ಅದಕ್ಕಿಂತ ಕೆಳಗೂ ಹೋಗಬಹುದು, ಆದರೆ ಯಾವುದೇ ಮನುಷ್ಯ, ವಾಹನ, ದೋಣಿ, ಕಟ್ಟಡಕ್ಕೆ 500 ಅಡಿಗಿಂತ ಹತ್ತಿರ ಹೋಗಬಾರದು. ಇಷ್ಟೇ. ಇದರಲ್ಲಿ ಹಳದಿ ಅನ್ನುವ ಪದ ಎಲ್ಲಾದರೂ ಬಂತಾ? ಇಲ್ಲ. ಜನನಿಬಿಡ ಅಂದರೆ ಎಷ್ಟು ಮನೆ, ಎಷ್ಟು ಜನ ಅಂತ ಲೆಕ್ಕವನ್ನೂ ಕೊಟ್ಟಿಲ್ಲ. ಅಲ್ಲಿನ ವಿಮಾನಯಾನ ಇಲಾಖೆ, ಎಫ್‌ಎಎ, ಒಂದೊಂದು ಪ್ರಸಂಗವನ್ನೂ ಬೇರೆ ಬೇರೆಯಾಗಿ ನೋಡಿ ತೀರ್ಮಾನ ಮಾಡುತ್ತದೆ. ಕೆಲವೇ ಮನೆಗಳಿದ್ದ ಜಾಗವನ್ನೂ, ಜನ ಸೇರಿದ್ದ ಕಡಲ ತೀರವನ್ನೂ ಜನನಿಬಿಡ ಅಂತಲೇ ಎಣಿಸಿದ್ದುಂಟು.

ಇದು ಮನಸ್ಸಿಗೆ ಹತ್ತಬೇಕಾದರೆ ಒಬ್ಬ ಹುಡುಗನ ಕತೆ ಹೇಳಬೇಕು. ನನ್ನ ಹತ್ತಿರ ಕಲಿಯುತ್ತಿದ್ದ ಕನ್ನಡದ ಹುಡುಗ, ತುಂಬ ಚುರುಕು. ಕಾನ್ಸಾಸ್ ರಾಜ್ಯದಲ್ಲಿ ಒಬ್ಬನೇ ದೂರದ ಹಾರಾಟಕ್ಕೆ ಹೋಗಿದ್ದ. ಕಾನ್ಸಾಸ್ ಅಂದರೆ ಚಪ್ಪಟೆ ನೆಲ, ಗೋಧಿ ಹೊಲ, ಮೈಲಿಗೊಂದರಂತೆ ಗೆರೆ ಎಳೆದ ಹಾಗೆ ರಸ್ತೆಗಳು. ಎಲ್ಲ ಊರೂ ಮೇಲಿಂದ ಒಂದೇ ಥರ ಕಾಣುತ್ತವೆ. ಗಾಳಿ ಅಂದುಕೊಂಡಿದ್ದಕ್ಕಿಂತ ಜೋರಾಗಿತ್ತು, ಹುಡುಗ ದಾರಿ ತಪ್ಪಿದ. ಅಲ್ಲಿ ಊರಿನ ನೀರಿನ ಟ್ಯಾಂಕ್ ಮೇಲೆ ದೊಡ್ಡದಾಗಿ ಊರಿನ ಹೆಸರು ಬರೆದಿರುತ್ತಾರೆ. ಅದನ್ನು ಓದೋಣ ಅಂತ ಇವನು ಕೆಳಗಿಳಿದ, ಓದಿದ, ದಾರಿ ಸಿಕ್ಕಿತು, ವಾಪಸ್ ಬಂದ. ಬಂದವನು ಖುಷಿಯಿಂದಲೇ ಹೇಳಿದ.

ನಾನು ಚಾರ್ಟ್ ತೆಗೆದು ಮೇಜಿನ ಮೇಲೆ ಹಾಸಿದೆ.

"ಎಷ್ಟು ಎತ್ತರದಲ್ಲಿದ್ದೆ?"

"ಆಲ್ಟಿಮೀಟರ್‌ನಲ್ಲಿ 1,900 ಇತ್ತು ಸರ್." ಆಲ್ಟಿಮೀಟರ್ ಅಂದರೆ ವಿಮಾನದ ಎತ್ತರವನ್ನು ಅಡಿಗಳಲ್ಲಿ ತೋರಿಸುವ ಮುಳ್ಳಿನ ಮಾಪಕ.

"ಅದು ಸಮುದ್ರಮಟ್ಟದಿಂದ. ನೆಲದಿಂದ ಎಷ್ಟು?"

ಅವನು ಚಾರ್ಟ್ ನೋಡಿ ಲೆಕ್ಕ ಹಾಕಿದ. ಅಲ್ಲಿ ನೆಲವೇ ಸುಮಾರು 1,300 ಅಡಿ. "600 ಸರ್. ಆದರೆ ಅಲ್ಲಿ ಹಳದಿ ಇಲ್ಲ, ನೋಡಿ, ಬರೀ ಸೊನ್ನೆ ಇದೆ. 500 ಇದ್ದರೆ ಸಾಕಲ್ವಾ?"

"ಚಾರ್ಟ್ ಮಡಚಿಡು. ಕೆಳಗೆ ಏನೇನು ಕಾಣಿಸಿತು, ಅದನ್ನು ಹೇಳು."

ಒಂದೊಂದೇ ಹೇಳಿದ. ಒಂದು ಮುಖ್ಯ ರಸ್ತೆ, ಎರಡೂ ಕಡೆ ಸಾಲಾಗಿ ಮನೆಗಳು. ಬಿಳಿ ಸಿಮೆಂಟಿನ ಧಾನ್ಯದ ಕಣಜಗಳು. ಒಂದು ಶಾಲೆ. ಶಾಲೆಯ ಪಕ್ಕ ಸಾಲಾಗಿ ನಿಂತ ಬಸ್ಸುಗಳು, ಮೈದಾನದ ತುಂಬ ಮಕ್ಕಳು. "ಮಕ್ಕಳು ಕೈ ಬೀಸಿದರು ಸರ್" ಅಂದ. ಅಷ್ಟು ಹೇಳಿ ಅವನೇ ಸುಮ್ಮನಾದ. ಕೈ ಬೀಸಿದ್ದು ಕಾಣುವಷ್ಟು ಕೆಳಗಿದ್ದ, ಆ ಮಕ್ಕಳಿಗೆ ಅವನ ಟೈರಿನ ಮೇಲಿನ ಮಣ್ಣೂ ಕಂಡಿರಬೇಕು.

ಆಮೇಲೆ ಇಬ್ಬರೂ ಕೂತು ಲೆಕ್ಕ ಮಾಡಿದೆವು. ನೆಲ 1,300. ಆ ನೀರಿನ ಟ್ಯಾಂಕ್ ಒಂದು 150 ಅಡಿ ಅಂತ ಇಟ್ಟುಕೊಳ್ಳಿ. ಅದರ ಮೇಲೆ 1,000. ಒಟ್ಟು 2,450. ಅವನ ಮುಳ್ಳು ಅಷ್ಟು ತೋರಿಸಬೇಕಿತ್ತು, ತೋರಿಸಿದ್ದು 1,900. ಮೇಲೆ ನಾನು ಹೇಳಿದ ಅಂಕೆಗಳ ಹಿಂದೆ ನಿಯಮದ ಮೊದಲ ಮಾತೂ ಒಂದಿದೆ. ಎಲ್ಲೇ ಹಾರಿದರೂ, ಎಂಜಿನ್ ನಿಂತರೆ ಕೆಳಗಿನವರಿಗೆ ಅಪಾಯ ಆಗದ ಹಾಗೆ ಇಳಿಯುವಷ್ಟು ಎತ್ತರ ಇರಬೇಕು. ಅವನು ಹಾರಿಸಿದಂಥ ಕಲಿಕೆಯ ವಿಮಾನ ಎಂಜಿನ್ ಇಲ್ಲದೆ 1,000 ಅಡಿಯಿಂದ ಸುಮಾರು ಎರಡೂವರೆ ಕಿಲೋಮೀಟರ್ ತೇಲುತ್ತದೆ. 600 ಅಡಿ ಅಂದರೆ ಕೈಯಲ್ಲಿ ಒಂದು ನಿಮಿಷವೂ ಇಲ್ಲ. ಅಷ್ಟರೊಳಗೆ ವಿಮಾನ ತಿರುಗಿಸಬೇಕು, ಹೊಲ ಹುಡುಕಬೇಕು, ಇಳಿಸಬೇಕು. ಆ ಊರಿನ ನಡುವೆ ಬಯಲು ಅಂತ ಇದ್ದದ್ದು ಮಕ್ಕಳಿದ್ದ ಆ ಮೈದಾನ ಒಂದೇ.

"ಹಾಗಾದರೆ ಚಾರ್ಟ್ ಯಾಕೆ ಹಳದಿ ತೋರಿಸಲಿಲ್ಲ?" ಅಂತ ಕೇಳಿದ. ಒಳ್ಳೆಯ ಪ್ರಶ್ನೆ. ಸ್ಕೇಲ್ ಇಟ್ಟು ತೋರಿಸಿದೆ. ನಿಯಮದಲ್ಲಿರುವ 2,000 ಅಡಿ ಆ ಕಾಗದದ ಮೇಲೆ ಒಂದು ಮಿಲಿಮೀಟರಿಗಿಂತ ಚೂರು ಜಾಸ್ತಿ ಅಷ್ಟೆ. ಮೊಂಡು ಪೆನ್ಸಿಲಿನ ಒಂದು ಚುಕ್ಕೆ. ಆ ಚುಕ್ಕೆಯೊಳಗೆ ನಾಲ್ಕು ಬೀದಿ, ಒಂದು ಶಾಲೆ, ಇನ್ನೂರು ಮಕ್ಕಳು ಹಿಡಿಯುತ್ತಾರೆ. ಕಾಗದದಲ್ಲಿ ಅದನ್ನೆಲ್ಲ ಬರೆಯೋಕೆ ಜಾಗವೇ ಇಲ್ಲ. ಹಳದಿ ಹಚ್ಚಿರುವುದು ನೀವು ಮೇಲಿಂದ ನೋಡಿ "ಓ, ಇದು ಇಂಥ ನಗರ" ಅಂತ ಗುರುತು ಹಿಡಿಯಲಿ ಅಂತ. ಎತ್ತರದ ಗಡಿ ಹಾಕೋಕೆ ಅಲ್ಲ. ದಯವಿಟ್ಟು ಇದೊಂದನ್ನು ನೆನಪಿಡಿ. ಎಷ್ಟು ಸಲ ಹೇಳಿದರೂ ಪ್ರತಿ ಬ್ಯಾಚಿನಲ್ಲೂ ಯಾರಾದರೂ ಒಬ್ಬರು ಹಳದಿಯ ಅಂಚಿಗೆ ಬೆರಳಿಟ್ಟು "ಇಲ್ಲಿಂದ ಆಚೆ 500" ಅನ್ನುತ್ತಾರೆ, ನನಗೆ ತಾಳ್ಮೆ ತಪ್ಪುತ್ತದೆ.

ದಾರಿ ತಪ್ಪಿದರೆ ಏನು ಮಾಡಬೇಕು ಅಂತಲೂ ಅವನಿಗೆ ಹೇಳಿದೆ. ಇಳಿಯಬಾರದು, ಏರಬೇಕು. ಮೇಲೇರಿದರೆ ಇನ್ನೊಂದು ಊರು, ಒಂದು ನದಿ, ರೈಲು ಹಳಿ ಕಾಣುತ್ತದೆ. ರೇಡಿಯೋ ದೂರದವರೆಗೆ ಮುಟ್ಟುತ್ತದೆ, ಯಾರನ್ನಾದರೂ ಕೇಳಬಹುದು. ಕೇಳೋಕೆ ನಾಚಿಕೆ ಪಡಬಾರದು.

ಸಮಯ ಆಯಿತು ಅಂತ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಉಳಿದದ್ದು ಬೇಗ ಹೇಳುತ್ತೇನೆ. ಗೋಪುರಗಳ ಗುರುತಿನ ಪಕ್ಕ ಎರಡು ಅಂಕಿ ಇರುತ್ತವೆ. ದಪ್ಪಗಿರುವುದು ಸಮುದ್ರಮಟ್ಟದಿಂದ, ಆವರಣದೊಳಗಿನದು ನೆಲದಿಂದ. ಆಲ್ಟಿಮೀಟರ್ ಜೊತೆ ಹೋಲಿಸಬೇಕಾದ್ದು ದಪ್ಪಗಿರುವುದನ್ನು. ಸಾಮಾನ್ಯವಾಗಿ 200 ಅಡಿಗಿಂತ ಎತ್ತರದ ಗೋಪುರಗಳನ್ನು ಗುರುತು ಹಾಕುತ್ತಾರೆ. ಆದರೆ ಹಳದಿಯ ಒಳಗೆ 299 ಅಡಿ ದಾಟಿದವನ್ನು ಮಾತ್ರ. ಅಂದರೆ ನಗರದೊಳಗೆ 250 ಅಡಿಯ ಕಟ್ಟಡ ಇದ್ದರೂ ಚಾರ್ಟ್‌ನಲ್ಲಿ ಇಲ್ಲದಿರಬಹುದು. ಅಲ್ಲಿಯೂ ಕಣ್ಣೇ ಬೇಕು, ನೋಡಿದಿರಾ? ಚಾರ್ಟ್ ಮೇಲೆ ಅಡ್ಡ, ಉದ್ದ ಗೆರೆಗಳಿಂದ ಆದ ಪ್ರತಿ ಚೌಕದಲ್ಲೂ ದೊಡ್ಡ ಅಂಕಿಯೊಂದು ಇರುತ್ತದೆ. 12 ದೊಡ್ಡದಾಗಿ, 5 ಚಿಕ್ಕದಾಗಿ ಇದ್ದರೆ 12,500 ಅಡಿ, ಆ ಚೌಕದಲ್ಲಿ ಬೆಟ್ಟವೋ ಗೋಪುರವೋ ಮುಟ್ಟಬಹುದಾದ ಎತ್ತರ. ಅಷ್ಟರಲ್ಲೇ ಹಾರಿ ಅಂತ ಅರ್ಥ ಅಲ್ಲ, ಅದಕ್ಕಿಂತ ಮೇಲಿರಬೇಕು.

ಹೆಲಿಕಾಪ್ಟರಿಗೆ ಬೇರೆ ಸಡಿಲಿಕೆ ಇದೆ, ಕೆಳಗಿನವರಿಗೆ ಅಪಾಯ ಆಗದಿದ್ದರೆ ಇನ್ನೂ ಕೆಳಗೆ ಹಾರಬಹುದು. ಏರುವಾಗ, ಇಳಿಯುವಾಗ ಈ ಎತ್ತರದ ನಿಯಮ ಯಾರಿಗೂ ಇಲ್ಲ, ರನ್‌ವೇ ಮುಟ್ಟಬೇಕಾದರೆ ಕೆಳಗೆ ಬರಲೇಬೇಕಲ್ವಾ. ಹಾಗಾಗಿ ಏರ್‌ಪೋರ್ಟ್ ಪಕ್ಕದಲ್ಲಿ ಇರುವವರು ವಿಮಾನ ಮನೆ ಮೇಲೇ ಬಂತು ಅಂತ ಗಾಬರಿಯಾಗಬೇಡಿ. ಏರ್‌ಪೋರ್ಟ್ ಹತ್ತಿರ ಎಲ್ಲೂ ಇಲ್ಲದಿದ್ದರೂ ಸಣ್ಣ ವಿಮಾನವೊಂದು ಶಾಲೆಯ ಮೇಲೆ ತೀರಾ ಕೆಳಗೆ ಸುತ್ತಿದರೆ ಅದರ ಬಾಲದ ನಂಬರ್, ಹೊತ್ತು ಬರೆದಿಟ್ಟುಕೊಂಡು ಹತ್ತಿರದ ಎಫ್‌ಎಎ ಕಚೇರಿಗೆ ತಿಳಿಸಿ. ಬರುತ್ತೇನೆ, ನಮಸ್ಕಾರ.