ಬಕೆಟ್ ಹೊರದೆ ಅಕ್ವೇರಿಯಂ ನೀರು ಬದಲಿಸುವ ಬಗೆ

ಮುಂಬೈಯ ಎಷ್ಟೋ ಮನೆಗಳ ಲಾಫ್ಟಿನಲ್ಲಿ ಸೂಟ್‌ಕೇಸುಗಳ ಹಿಂದೆ ಖಾಲಿ ಅಕ್ವೇರಿಯಂ ಒಂದು ಧೂಳು ತಿನ್ನುತ್ತಾ ಕೂತಿರುತ್ತದೆ. ಕುರ್ಲಾದಿಂದಲೋ ಕ್ರಾಫರ್ಡ್ ಮಾರ್ಕೆಟಿನಿಂದಲೋ ಆಸೆಪಟ್ಟು ತಂದದ್ದೇ. ಯಾಕೆ ಬಿಟ್ಟಿರಿ ಎಂದು ಕೇಳಿ ನೋಡಿ. ಮೀನಿನ ಮೇಲೆ ಯಾರೂ ದೂರು ಹೇಳುವುದಿಲ್ಲ. “ನೀರು ಹೊತ್ತು ಹೊತ್ತು ಸೊಂಟ ಬಿದ್ದುಹೋಯಿತು” ಎನ್ನುತ್ತಾರೆ.

ನಮಸ್ಕಾರ. ನೀವು ನೋಡುತ್ತಿರುವುದು ಮುಲುಂಡಿನ ನಮ್ಮ ಮನೆಯ ಅಕ್ವೇರಿಯಂ. ಎರಡು ಅಡಿ ಉದ್ದ, ಒಂದು ಅಡಿ ಅಗಲ. ಗಪ್ಪಿ, ಮೋಲಿ, ಜೊತೆಗೆ ಕಲ್ಲಿನ ಹಿಂದೆ ಅಡಗಿ ಕೂರುವ ಒಂದು ಮುಂಗೋಪಿ ಬೆಕ್ಕುಮೀನು. ವಾರಕ್ಕೊಮ್ಮೆ ಇದರ ನೀರು ಬದಲಿಸುತ್ತೇನೆ. ನಾನು ಹುಟ್ಟಾ ಸೋಮಾರಿ. ಆದ್ದರಿಂದಲೇ ಈ ಕೆಲಸದಲ್ಲಿ ಎತ್ತುವುದು, ಹೊರುವುದು, ಅಳೆಯುವುದು ಯಾವುದೂ ಇರಬಾರದು ಎಂದು ಹಟ ಹಿಡಿದು ಏರ್ಪಾಡು ಮಾಡಿಕೊಂಡಿದ್ದೇನೆ.

ನೀರು ತಿಳಿಯಾಗಿಯೇ ಇದೆಯಲ್ಲ, ಬದಲಿಸುವುದೇಕೆ ಎಂದು ಅಮ್ಮ ಪ್ರತಿ ಸಲ ಕೇಳುತ್ತಾರೆ. ಮೀನಿನ ಉಸಿರು, ಹಿಕ್ಕೆ, ಕೊಳೆತ ಆಹಾರ ಎಲ್ಲದರಿಂದ ಅಮೋನಿಯಾ ಹುಟ್ಟುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ಮೊದಲೆರಡು ವಿಷ; ಮೂರನೆಯದು ಅಷ್ಟು ಕೆಟ್ಟದ್ದಲ್ಲ, ಆದರೆ ಕೂಡುತ್ತಾ ಹೋಗುತ್ತದೆ, ಕಣ್ಣಿಗೆ ಕಾಣಿಸುವುದಿಲ್ಲ. ಹೊರಗೆ ಹಾಕಬೇಕಾದದ್ದು ಇದನ್ನು. ಪೂರ್ತಿ ಖಾಲಿ ಮಾಡಿ ತಿಕ್ಕಿ ತೊಳೆಯುವವರಿದ್ದಾರೆ; ದಯವಿಟ್ಟು ಬೇಡ. ಕಾಲು ಭಾಗ ಸಾಕು.

ಕಾಲು ಭಾಗ ಎಂದರೆ ಎಷ್ಟು? ಗಾಜಿನ ಪಕ್ಕದಲ್ಲಿ ಅಂಟಿಸಿರುವ ಈ ಕಪ್ಪು ಟೇಪನ್ನು ನೋಡಿ. ತಳದ ಅಳತೆ 60 ಸೆಂಟಿಮೀಟರಿಗೆ 30 ಸೆಂಟಿಮೀಟರ್. ನೀರು ಒಂದು ಸೆಂಟಿಮೀಟರ್ ಇಳಿದರೆ 1.8 ಲೀಟರ್ ಹೋಯಿತು ಎಂದರ್ಥ. ನೀರಿನ ಮಟ್ಟದಿಂದ ಆಳದ ಕಾಲು ಭಾಗ, ಅಂದರೆ 8 ಸೆಂಟಿಮೀಟರ್ ಕೆಳಗೆ ಟೇಪಿದೆ. ಅಲ್ಲಿಗೆ ಇಳಿದರೆ ಸುಮಾರು 14 ಲೀಟರ್. ಲೆಕ್ಕ ಒಮ್ಮೆ ಮಾಡಿದ್ದು, ಇನ್ನು ಗಾಜಿನ ಮೇಲೆ ಕಣ್ಣಿಟ್ಟರಾಯಿತು.

ಮೊದಲು ಪ್ಲಗ್ ಕೀಳಿ. ಫಿಲ್ಟರ್, ದೀಪ, ಹೀಟರ್ ಇದ್ದರೆ ಹೀಟರ್ ಕೂಡ. ಉರಿಯುತ್ತಿರುವ ಹೀಟರ್ ನೀರಿನಿಂದ ಹೊರಗೆ ಬಂದರೆ ಅದರ ಗಾಜು ಸಿಡಿಯಬಹುದು. ಮುಂಬೈಯ ಸೆಕೆಗೆ ಹೀಟರ್ ಬೇಕಾಗುವುದೇ ಅಪರೂಪ ಅನ್ನಿ.

ಈಗ ಪೈಪು. ಗಾರೆಯವರು ಗೋಡೆಯ ಮಟ್ಟ ನೋಡಲು ಬಳಸುತ್ತಾರಲ್ಲ, ಆ ಪಾರದರ್ಶಕ ಲೆವೆಲ್ ಪೈಪ್. ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ನಾನು ತಂದದ್ದು 12 ಮಿಲಿಮೀಟರಿನದು, ಅಕ್ವೇರಿಯಂನಿಂದ ಬಚ್ಚಲ ತನಕ ಮುಟ್ಟುವಷ್ಟು ಉದ್ದ. ಇದರ ಒಂದು ತುದಿಗೆ ಅರ್ಧ ಲೀಟರಿನ ನೀರಿನ ಬಾಟಲಿ ಸಿಕ್ಕಿಸಿದ್ದೇನೆ, ತಳ ಕತ್ತರಿಸಿ. ಈ ಬಾಟಲಿಯೇ ಇಡೀ ಏರ್ಪಾಡಿನ ಜೀವ. ಕ್ಯಾಮೆರಾ ಹತ್ತಿರ ತರುತ್ತೇನೆ, ನೋಡಿ. ಬಾಟಲಿಯ ಕತ್ತರಿಸಿದ ಬಾಯಿಯನ್ನು ಜಲ್ಲಿಯೊಳಗೆ ಊರಿದಾಗ ಕಲ್ಲುಗಳು ಮೇಲಕ್ಕೆದ್ದು ಗಿರಗಿರ ತಿರುಗುತ್ತವೆ. ಬಾಟಲಿ ಅಗಲವಾಗಿರುವುದರಿಂದ ಅಲ್ಲಿ ನೀರಿನ ಓಟ ನಿಧಾನ; ಭಾರದ ಕಲ್ಲು ಅರ್ಧ ದಾರಿಯಲ್ಲೇ ಕೈಬಿಟ್ಟು ಕೆಳಗೆ ಉದುರುತ್ತದೆ, ಹಗುರವಾದ ಕಂದು ಕೊಳೆ ಮಾತ್ರ ಕುತ್ತಿಗೆ ದಾಟಿ ಪೈಪಿಗೆ ಸೇರುತ್ತದೆ. ಗೊಬ್ಬರದಂತಹ ಕೊಳೆ ಪೈಪಿನಲ್ಲಿ ಓಡುವುದನ್ನು ನೋಡುತ್ತಾ ನಿಲ್ಲುವುದರಲ್ಲಿ ಒಂದು ವಿಚಿತ್ರ ತೃಪ್ತಿಯಿದೆ. ಮರಿಗಳಿದ್ದರೆ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿ.

ಬಾಯಿಯಿಂದ ಎಳೆದು ನೀರು ಹರಿಸುವ ಪದ್ಧತಿ ನನಗೆ ಸೇರುವುದಿಲ್ಲ, ಕಾರಣ ವಿವರಿಸಬೇಕಾಗಿಲ್ಲ. ಬಾಟಲಿಯ ತುದಿ ಅಕ್ವೇರಿಯಂನಲ್ಲಿ ಮುಳುಗಿರಲಿ. ಇನ್ನೊಂದು ತುದಿಯನ್ನು ಬಚ್ಚಲಿನ ನಲ್ಲಿಗೆ ಒತ್ತಿ ಹಿಡಿದು ನಿಧಾನವಾಗಿ ತಿರುಗಿಸಿ. ಪೈಪಿನ ಗಾಳಿಯೆಲ್ಲ ಅಕ್ವೇರಿಯಂನಲ್ಲಿ ಗುಳ್ಳೆಯಾಗಿ ಹೊರಬರುತ್ತದೆ. ಗುಳ್ಳೆ ನಿಂತ ಕೂಡಲೇ ನಲ್ಲಿ ಬಂದ್ ಮಾಡಿ, ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು ಬಚ್ಚಲ ನೆಲಕ್ಕೆ ಇಳಿಸಿ ಬಿಡಿ. ನೀರು ತಾನಾಗಿಯೇ ಹರಿಯುತ್ತದೆ. ನಡುವೆ ಬಚ್ಚಲ ಹೊಸ್ತಿಲು ಹತ್ತಿ ಇಳಿಯುತ್ತದೆ, ಅದಕ್ಕೇನೂ ತೊಂದರೆಯಿಲ್ಲ. ಹೊರಬೀಳುವ ತುದಿ ಅಕ್ವೇರಿಯಂನ ನೀರಿನ ಮಟ್ಟಕ್ಕಿಂತ ಕೆಳಗಿದ್ದರಾಯಿತು. ಎಷ್ಟು ಕೆಳಗಿದ್ದರೆ ಅಷ್ಟು ಜೋರು.

ಎಲ್ಲವನ್ನೂ ಬಚ್ಚಲಿಗೆ ಬಿಡಬೇಡಿ. ಒಂದು ಚಿಕ್ಕ ಬಕೆಟ್ಟಿನಲ್ಲಿ ಸ್ವಲ್ಪ ಹಿಡಿದುಕೊಂಡು ಫಿಲ್ಟರಿನ ಸ್ಪಂಜನ್ನು ಅದರಲ್ಲೇ ಹಿಂಡಿ. ನಲ್ಲಿಯ ಕೆಳಗೆ ತೊಳೆದರೆ ಕ್ಲೋರಿನ್ ಆ ಬ್ಯಾಕ್ಟೀರಿಯಾಗಳನ್ನೇ ಕೊಂದುಬಿಡುತ್ತದೆ. ಹಿಂಡಿದ ನೀರು ಗ್ರಿಲ್ಲಿನಲ್ಲಿರುವ ಕರಿಬೇವು, ತುಳಸಿಗೆ. ಅಕ್ವೇರಿಯಂಗೆ ಉಪ್ಪು ಅಥವಾ ಔಷಧಿ ಹಾಕಿದ ವಾರ ಮಾತ್ರ ಗಿಡಕ್ಕೆ ಹಾಕಬೇಡಿ. ಕೆಳಗಿನ ಮನೆಯವರು ಬಟ್ಟೆ ಒಣಗಿಸಿದ್ದಾರೆಯೇ ಎಂದೂ ಒಮ್ಮೆ ಬಗ್ಗಿ ನೋಡಿ, ಸೊಸೈಟಿ ಮೀಟಿಂಗಿನಲ್ಲಿ ಮೀನಿನ ವಿಷಯ ಬರುವುದು ಬೇಡ.

ಇನ್ನು ತುಂಬಿಸುವುದು. ಬೆಳಿಗ್ಗೆ ನೀರು ಬರುವ ಹೊತ್ತಿಗೆ ಒಂದು ಡ್ರಮ್ಮು ತುಂಬಿಸಿಟ್ಟುಕೊಳ್ಳುವುದು ಮುಂಬೈಯವರಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಒಂದು ದಿನ ಬಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ, ನೀರು ಕೋಣೆಯ ಬಿಸಿಗೆ ಹೊಂದಿಕೊಳ್ಳುತ್ತದೆ. ಮೇ ತಿಂಗಳ ಮಧ್ಯಾಹ್ನ ತಾರಸಿಯ ಟ್ಯಾಂಕಿನಿಂದ ಬರುವ ನೀರಿನಲ್ಲಿ ಕೈ ಇಟ್ಟವರಿಗೆ ಇದು ಅರ್ಥವಾಗುತ್ತದೆ. ಮುಚ್ಚಳ ಬಿಗಿದರೆ ಕ್ಲೋರಿನ್ ಹೋಗಲು ದಾರಿಯಿಲ್ಲ. ತೆರೆದಿಟ್ಟರೆ ಸೊಳ್ಳೆ ಮೊಟ್ಟೆಯಿಡುತ್ತದೆ, ಡೆಂಗಿ ಕಾಲದಲ್ಲಿ ಪಾಲಿಕೆಯವರು ಮನೆಮನೆಗೆ ಬಂದು ನಿಂತ ನೀರು ಹುಡುಕುತ್ತಾರೆ. ಆದ್ದರಿಂದ ತೆಳುವಾದ ಹಳೆಯ ಪಂಚೆಯ ತುಂಡು ಕಟ್ಟಿದ್ದೇನೆ. ಅವಸರವಿದ್ದರೆ ಅಂಗಡಿಯ ಆ್ಯಂಟಿ ಕ್ಲೋರಿನ್ ಹನಿಗಳಿವೆ. ಸಾಮಾನ್ಯವಾಗಿ ಅವುಗಳಲ್ಲಿರುವುದು ಸೋಡಿಯಂ ಥಯೋಸಲ್ಫೇಟ್, ಕ್ಷಣದಲ್ಲಿ ಕೆಲಸ ಮಾಡುತ್ತದೆ.

ಡ್ರಮ್ಮಿನೊಳಗೆ ಕೂಲರಿಗೆ ಹಾಕುವ ಸಣ್ಣ ಮುಳುಗು ಪಂಪು. ಕೊಳ್ಳುವಾಗ ಪೆಟ್ಟಿಗೆಯ ಮೇಲೆ ‘ಎಚ್ ಮ್ಯಾಕ್ಸ್’ ಎಂದು ಬರೆದಿರುವುದನ್ನು ಓದಿ. ಅದು ಪಂಪು ನೀರನ್ನು ಎತ್ತಬಲ್ಲ ಕೊನೆಯ ಎತ್ತರ. ಆ ಎತ್ತರದಲ್ಲಿ ಒಂದು ಹನಿಯೂ ಸುರಿಯುವುದಿಲ್ಲ. ನಮ್ಮ ಅಕ್ವೇರಿಯಂನ ಅಂಚು ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿದೆ. ಎಚ್ ಮ್ಯಾಕ್ಸ್ 1.2 ಇರುವ ಪಂಪು ತಂದರೆ, ಡ್ರಮ್ಮಿನ ನೀರು ತಳಕ್ಕೆ ಇಳಿಯುತ್ತಿದ್ದಂತೆ ಅದು ಗುಂಯ್‌ಗುಡುತ್ತಾ ಕೂರುತ್ತದೆ ಅಷ್ಟೇ. 1.8 ಅಥವಾ ಅದಕ್ಕಿಂತ ಹೆಚ್ಚಿನದನ್ನು ತನ್ನಿ. ಡ್ರಮ್ಮಿಗೆ ಕೈ ಹಾಕುವ ಮೊದಲು ಪ್ಲಗ್ ಕೀಳಿ.

ಪೈಪಿನ ತುದಿಯನ್ನು ಅಕ್ವೇರಿಯಂನ ಅಂಚಿಗೆ ಬಟ್ಟೆ ಕ್ಲಿಪ್ಪಿನಿಂದ ಕಚ್ಚಿಸಿ, ಆದರೆ ನೀರಿನೊಳಗೆ ಮುಳುಗಿಸಬೇಡಿ. ಮುಳುಗಿದ್ದರೆ, ಪಂಪು ನಿಲ್ಲಿಸಿದ ಮರುಕ್ಷಣ ಅಕ್ವೇರಿಯಂನ ನೀರು ಅದೇ ಪೈಪಿನಲ್ಲಿ ವಾಪಸು ಡ್ರಮ್ಮಿಗೆ ಹರಿಯತೊಡಗುತ್ತದೆ. ಧಾರೆಯ ಕೆಳಗೆ ಒಂದು ತಟ್ಟೆ ತೇಲಿಸಿದರೆ ಜಲ್ಲಿ ಗುಳಿ ಬೀಳುವುದಿಲ್ಲ, ಗಿಡ ಕೀಳುವುದಿಲ್ಲ.

ನೀರಿನ ಗುಣದ ಬಗ್ಗೆ ಒಂದು ಮಾತು. ಭಾತ್ಸಾ, ತಾನ್ಸಾ, ವೈತರಣಾ ಜಲಾಶಯಗಳ ಕಡೆಯಿಂದ ಬರುವ ಪಾಲಿಕೆಯ ನೀರು ಮಳೆಯದು, ಮೃದು. 2024ರ ಜೂನಿನಲ್ಲಿ ಶೇಕಡಾ 10ರಷ್ಟು ನೀರು ಕಡಿತವಾಗಿತ್ತು. ಅಂಥ ದಿನಗಳಲ್ಲಿ ಸೊಸೈಟಿಗಳು ಟ್ಯಾಂಕರ್ ತರಿಸುತ್ತವೆ, ಅದು ಹೆಚ್ಚಾಗಿ ಬಾವಿ, ಬೋರ್‌ವೆಲ್ಲಿನ ಗಡಸು ನೀರು. ಗಾಜಿನ ಮೇಲೆ ಬಿಳಿ ಗೆರೆ ಮೂಡಿದರೆ ಅನುಮಾನಪಡಿ. ಮೋಲಿಗೆ ಗಡಸು ನೀರು ಒಗ್ಗುತ್ತದೆ, ಆದರೆ ನೀರು ದಿಢೀರನೆ ಬದಲಾಗುವುದು ಯಾವ ಮೀನಿಗೂ ಒಗ್ಗುವುದಿಲ್ಲ. ಆ ವಾರಗಳಲ್ಲಿ 8 ಸೆಂಟಿಮೀಟರಿನ ಬದಲು ಮೂರೋ ನಾಲ್ಕೋ ಸಾಕು. ಆವಿಯಾಗಿ ಇಳಿದ ನೀರನ್ನು ಮಾತ್ರ ತುಂಬುವಾಗ ಲವಣ ಸೋಸಿ ತೆಗೆದ ಆರ್‌ಒ ನೀರು ಹಾಕಿ, ಲವಣ ಹಿಂದೆ ಉಳಿದೇ ಇರುತ್ತದೆ.

ರಜೆಯಲ್ಲಿ ಮತ್ಸ್ಯಗಂಧಾ ರೈಲು ಹತ್ತಿ ಊರಿಗೆ ಹೋದಾಗ ಮೀನಿಗೆ ಯಾರು ಎಂದು ಬಹಳ ಮಂದಿ ಕೇಳುತ್ತೀರಿ. ಹೊರಡುವ ಹಿಂದಿನ ದಿನ ನೀರು ಬದಲಿಸಿ. ಬೆಳೆದ ಆರೋಗ್ಯವಂತ ಮೀನು ಒಂದು ವಾರ ಉಪವಾಸವಿದ್ದರೂ ಏನೂ ಆಗುವುದಿಲ್ಲ. ಆದರೆ ಪಕ್ಕದ ಮನೆಯ ಮರಾಠಿ ಆಜಿಗೆ ಇದನ್ನು ಒಪ್ಪಿಸುವುದು ನನ್ನಿಂದಾಗಿಲ್ಲ; ಹಸಿದ ಜೀವಕ್ಕೆ ತಿನ್ನಿಸದೆ ಅವರಿಗೆ ನಿದ್ದೆ ಬರುವುದಿಲ್ಲ. ಆದ್ದರಿಂದ ದಿನಕ್ಕೊಂದು ಚಿಟಿಕೆಯಂತೆ ಕಾಗದದ ಪೊಟ್ಟಣ ಕಟ್ಟಿ, ಮೇಲೆ ವಾರದ ಹೆಸರು ಬರೆದು ಕೊಟ್ಟು ಹೋಗುತ್ತೇನೆ. ಆಹಾರದ ಡಬ್ಬಿಯನ್ನು ಕಪಾಟಿನೊಳಗಿಟ್ಟು ಬೀಗ ಹಾಕುತ್ತೇನೆ.