ಹತ್ತನೇ ವಚನ ಯಾಕೆ ಬಿಡ್ತೀರಿ?

ಎಲ್ಲರಿಗೂ ವಂದನೆ ರೀ. ಬೆಳಗಾವಿಯಿಂದ ಮಾತಾಡ್ತಿದ್ದೇನೆ. ಒಂದೊಂದೇ ವಚನ ಕಿತ್ತು ವಾಗ್ದಾನ ಅಂತ ಹಂಚಬೇಡಿ ಅಂದಿದ್ದೆ, ಆ ಕಳೆದ ವಾರದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ, "ಬ್ರದರ್, ದೇವರ ವಾಗ್ದಾನಕ್ಕೆ ಅಡ್ಡ ಬರಬೇಡಿ, ಯೆರೆಮೀಯ 29:11 ಓದಿ" ಅಂತ. ಓದಿದ್ದೇನೆ. ಬೈಬಲಿನ ಆ ಅಧ್ಯಾಯ, ಬಾಬೆಲಿಗೆ ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ. ನೀವು ಹತ್ತನೇ ವಚನ ಓದಿದ್ದೀರಾ?

ಹನ್ನೊಂದು ಎಲ್ಲರಿಗೂ ಬಾಯಿಪಾಠ. ನಿಮ್ಮ ಬಗ್ಗೆ ನನ್ನ ಯೋಚನೆ ಹಿತದ್ದೇ ಅಂತ ದೇವರು ಹೇಳುವ ಮಾತು. ಡಿಸೆಂಬರ್ 31ರ ರಾತ್ರಿ ಕೊಡುವ ವಾಗ್ದಾನದ ಕಾರ್ಡಲ್ಲಿ, ಕ್ಯಾಲೆಂಡರಲ್ಲಿ, ವಾಟ್ಸಾಪಲ್ಲಿ ಅದೇ. ಅದರ ಹಿಂದಿನ ವಚನ? ಬಾಬೆಲಿನಲ್ಲಿ 70 ವರ್ಷ ಕಳೆದ ಮೇಲೆ ನಿಮ್ಮನ್ನು ಕರೆತರುತ್ತೇನೆ ಅಂತ ಇದೆ. 70 ವರ್ಷ! ಆ ಪತ್ರ ಕೇಳಿಸಿಕೊಂಡ ದೊಡ್ಡವರು ಸೆರೆಯಲ್ಲೇ ಮಣ್ಣಾಗುತ್ತಾರೆ ಅಂತ ಅರ್ಥ. ಅದಕ್ಕೇ ಐದನೇ ವಚನದಲ್ಲಿ ಅಲ್ಲೇ ಮನೆ ಕಟ್ಟಿ, ತೋಟ ಮಾಡಿ ಅಂದದ್ದು.

ಇದು ಸುಮ್ನೆ ವಾದ ಅಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ರಾಮದುರ್ಗದ ಕಡೆ ನಮ್ಮ ಚಿಕ್ಕಮ್ಮನ ಮನೆ ಕುಸಿಯಿತು. ನೋಡಲು ಬಂದ ಬೋಧಕರೊಬ್ಬರು ಇದೇ ವಚನ ಹೇಳಿ, ವರ್ಷದೊಳಗೆ ಎರಡರಷ್ಟು ಸಿಗುತ್ತೆ, ನಂಬಿ ಅಂದರು. ವರ್ಷ ಕಳೆಯಿತು, ಚಿಕ್ಕಮ್ಮ ಇನ್ನೂ ತಗಡಿನ ಶೆಡ್ಡಲ್ಲೇ. "ನನ್ನ ನಂಬಿಕೆನೇ ಕಮ್ಮಿ ಬಿತ್ತೇನೋ ತಮ್ಮಾ" ಅಂದರು. ಹತ್ತನೇ ವಚನ ಓದಿ ಹೇಳಿದ್ದರೆ ಆ ಜೀವ ಹಾಗೆ ನೋಯುತ್ತಿತ್ತಾ?

ಹೆಸರಾದ ಪುಸ್ತಕಗಳೂ ತುಣುಕು ಕಿತ್ತು ಓದೋ ಇದೇ ಚಟ ಹತ್ತಿಸಿವೆ. 2000ರಲ್ಲಿ ಬ್ರೂಸ್ ವಿಲ್ಕಿನ್ಸನ್ 'ದ ಪ್ರೇಯರ್ ಆಫ್ ಜೇಬೆಜ್' ತಂದರು. ಜೇಬೆಜ್ ಅಂದರೆ ನಮ್ಮ ಬೈಬಲಿನ ಯಾಬೇಚ, ಅವನ ಕತೆ ಇರೋದೇ ಎರಡು ವಚನ. ಅದರ ಮೇಲೊಂದು ಪುಸ್ತಕ, ಅದು ಲಕ್ಷಗಟ್ಟಲೆ ಮಾರಿತು. 2002ರಲ್ಲಿ ರಿಕ್ ವಾರೆನ್ ಅವರ 'ದ ಪರ್ಪಸ್ ಡ್ರಿವನ್ ಲೈಫ್', 40 ದಿನದ ಓದು. ಇದು ನಿನ್ನ ವಿಷಯ ಅಲ್ಲ ಅಂತ ಶುರುವಾಗುತ್ತೆ, ಆ ಸಾಲು ನನಗೂ ಇಷ್ಟ. ಆದರೆ ಅಲ್ಲೂ ಹದಿನೈದು ಅನುವಾದಗಳಿಂದ ಹೆಕ್ಕಿದ ತುಣುಕುಗಳು.

"ತುಣುಕಾದರೂ ದೇವರ ಮಾತೇ" ಅಂತೀರಿ. ಆ ನಂಬರ್ ಯೆರೆಮೀಯ ಹಾಕಿದ್ದಲ್ಲ ರೀ! ಯೆರೆಮೀಯನ ಹಳೆ ಒಡಂಬಡಿಕೆ ಇರಲಿ, ಆಮೇಲಿನ ಹೊಸ ಒಡಂಬಡಿಕೆಗೂ ಈಗಿನ ವಚನಸಂಖ್ಯೆ ಬಂದದ್ದೇ 1551ರಲ್ಲಿ, ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕನಿಂದ. "ಜನಕ್ಕೆ ತಾಳ್ಮೆ ಇಲ್ಲ" ಅಂತೀರಾ? ಲಂಡನ್ನಿನಲ್ಲಿ ಮಾರ್ಟಿನ್ ಲಾಯ್ಡ್-ಜೋನ್ಸ್ ಎಂಬ ಬೋಧಕರು 1955ರಿಂದ 1968ರವರೆಗೆ ಶುಕ್ರವಾರ ರಾತ್ರಿ ರೋಮಾಪುರದವರಿಗೆ ಬರೆದ ಪತ್ರ ಒಂದನ್ನೇ ಬಿಡಿಸಿ ಹೇಳಿದರು, ಆದರೂ 14ನೇ ಅಧ್ಯಾಯ ದಾಟಲಿಲ್ಲ. ಜನ ಬರ್ತಾನೇ ಇದ್ದರು. ನಮ್ಮವರು ಶ್ರೀಕೃಷ್ಣ ಪಾರಿಜಾತವನ್ನು ಬೆಳತನಕ ಕೂತು ನೋಡಿದವರು, ಇವರಿಗಾ ತಾಳ್ಮೆ ಇಲ್ಲ?

ಹಾಂ, ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ನಿಮ್ಮ ಸಭೆಯ ಗ್ರೂಪಿಗೂ ಕಳಿಸಿ. ಪಾಸ್ಟರಿಗೆ ಮೊದಲು ಕಳಿಸಿ.

ಒಂದು ಅಧ್ಯಾಯ ಹಿಂದೆ ಹೋಗಿ. 28ರಲ್ಲಿ ಹನನ್ಯ ಅನ್ನೋ ಪ್ರವಾದಿ ಬರ್ತಾನೆ, ಬಾಬೆಲಿಗೆ ಹೋದದ್ದೆಲ್ಲಾ ಎರಡೇ ವರ್ಷದಲ್ಲಿ ವಾಪಸ್ ಅಂತಾನೆ. ಯೆರೆಮೀಯ ಅವನಿಗೆ ಮುಖದ ಮೇಲೇ ಹೇಳಿದ, ನೀನು ಈ ಜನರನ್ನು ಸುಳ್ಳಿನಲ್ಲಿ ನಂಬಿಸಿದ್ದೀಯ ಅಂತ. ನಮ್ಮ ಚಿಕ್ಕಮ್ಮನಿಗೆ ಒಂದು ವರ್ಷ ಅಂದವರು ಯಾರ ಸಾಲಿಗೆ ಸೇರಿದರು? ಹೇಳಿ! ಅಭಿಷೇಕ, ಆತ್ಮ, ಅದೆಲ್ಲ ಆಮೇಲೆ. ಮೊದಲು ಹತ್ತನೇ ವಚನ ಓದಿ. ಓದಿ ರೀ, ಒಂದೇ ವಚನ!

ಶನಿವಾರ ರಾತ್ರಿ 8ಕ್ಕೆ ಲೈವ್ ಇದೆ. 28, 29 ಎರಡೂ ಅಧ್ಯಾಯ ಪೂರ್ತಿ. ಈ ಸಲ ಓದೋದು ಚಿಕ್ಕಮ್ಮ.