ಬೋರ್ಡು ಒರೆಸುವ ಮುಂಚೆ

ಕೇಳುಗರಿಗೆ ನಮಸ್ಕಾರ. ಅಂಕೋಲೆ ಕಡೆಯ ಒಂದು ಶಾಲೆಯಲ್ಲಿ ನಾನು ನಾಲ್ಕನೇ ತರಗತಿಗೆ ಕಲಿಸುತ್ತಿದ್ದಾಗಿನ ಮಾತು. ಮೀನುಗಾರರ ಮನೆಯ ಹುಡುಗನೊಬ್ಬನಿದ್ದ. ನಾನು ಬೋರ್ಡಿನ ಮೇಲೆ ಐದು ಲೆಕ್ಕ ಬರೆದರೆ ಅವನ ಪಟ್ಟಿಯಲ್ಲಿ ಎರಡೂವರೆ ಇರುತ್ತಿತ್ತು. ಅಷ್ಟರಲ್ಲಿ ನಾನು ಬೋರ್ಡು ಒರೆಸಿರುತ್ತಿದ್ದೆ. "ಏನೋ, ನಿದ್ದೆ ಬಂತಾ?" ಅಂತ ಗದರಿದ್ದೂ ಉಂಟು. ಅವನು ತಲೆ ತಗ್ಗಿಸಿ ಸುಮ್ನೆ ಪೆನ್ಸಿಲ್ ಕೆತ್ತುತ್ತಾ ಕೂರುತ್ತಿದ್ದ.

ಒಂದು ದಿನ ಅವನ ತಾಯಿ ಬಂದರು. "ಅಕ್ಕೋರೇ, ಇವನಿಗೆ ನಾಲ್ಕು ವರ್ಷ ಇದ್ದಾಗ ರಕ್ತದ ಕ್ಯಾನ್ಸರ್ ಆಗಿತ್ತು. ಈಗ ಗುಣ ಆಗಿದೆ. ಆದರೆ ಎಲ್ಲಾ ನಿಧಾನ."

ನನಗೆ ಮಾತೇ ಹೊರಡಲಿಲ್ಲ. ಆಮೇಲೆ ಕೇಳಿ, ಓದಿ ತಿಳಿದುಕೊಂಡೆ. 1960ರ ಸುಮಾರಿಗೆ ಲ್ಯುಕೇಮಿಯಾ, ಅಂದರೆ ಈ ರಕ್ತದ ಕ್ಯಾನ್ಸರ್, ಬಂದ ಮಕ್ಕಳು ಉಳಿಯುವುದೇ ಅಪರೂಪ. ಈಗ ಒಳ್ಳೆಯ ಚಿಕಿತ್ಸೆ ಸಿಕ್ಕಲ್ಲಿ 10ರಲ್ಲಿ ಸುಮಾರು 9 ಮಕ್ಕಳು ಬದುಕುತ್ತಾರೆ. ಈ ಚಿಕಿತ್ಸೆಯ ಮುಖ್ಯ ಔಷಧಿಗಳಲ್ಲಿ ಒಂದು ಮೆಥೊಟ್ರೆಕ್ಸೇಟ್. ಅದರ ಹಿಂದೆ ಅಮೆರಿಕಕ್ಕೆ ಹೋಗಿದ್ದ ನಮ್ಮ ಆಂಧ್ರದ ಯೆಲ್ಲಾಪ್ರಗಡ ಸುಬ್ಬರಾವ್ ಅವರ ತಂಡದ ದುಡಿಮೆ ಇದೆ. ಎಷ್ಟು ಜನರಿಗೆ ಗೊತ್ತು ಹೇಳಿ?

ರಕ್ತಕ್ಕೆ ಕೊಟ್ಟ ಔಷಧಿ ಮೆದುಳಿಗೆ ಅಷ್ಟಾಗಿ ಹೋಗುವುದಿಲ್ಲ. ಕ್ಯಾನ್ಸರ್ ಕಣಗಳು ಮಾತ್ರ ಅಲ್ಲಿ ಅಡಗಿ ಕೂರುತ್ತವೆ. ಅದಕ್ಕೇ ಬೆನ್ನಿಗೆ ಸೂಜಿ ಚುಚ್ಚಿ, ಬೆನ್ನುಹುರಿಯ ಸುತ್ತಲಿನ ನೀರಿಗೇ ಔಷಧಿ ಬಿಡುತ್ತಾರೆ. ಮುಂಚೆ ಎಷ್ಟೋ ಮಕ್ಕಳ ತಲೆಗೆ ವಿಕಿರಣವನ್ನೂ ಕೊಡುತ್ತಿದ್ದರು. ಅದರ ಪೆಟ್ಟು ಜಾಸ್ತಿ ಎಂದು ತಿಳಿದ ಮೇಲೆ ಮೊದಲು ಪ್ರಮಾಣ ಇಳಿಸಿದರು, ಈಗ ಹೆಚ್ಚಿನ ಮಕ್ಕಳಿಗೆ ಕೊಡುವುದೇ ಇಲ್ಲ.

ಕರೆಂಟಿನ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುತ್ತದಲ್ವಾ? ಮೆದುಳಿನ ನರಗಳಿಗೂ ಮೈಲಿನ್ ಎಂಬ ಹೊದಿಕೆ ಉಂಟು. ಚಿಕ್ಕ ಮಕ್ಕಳಲ್ಲಿ ಅದಿನ್ನೂ ಬೆಳೆಯುತ್ತಿರುತ್ತದೆ. ಚಿಕಿತ್ಸೆಯಿಂದ ಅದಕ್ಕೆ ಏಟು ಬಿದ್ದರೆ ಸುದ್ದಿ ನಿಧಾನವಾಗಿ ಸಾಗುತ್ತದೆ. ಎಲ್ಲ ಮಕ್ಕಳಿಗೂ ಹೀಗಾಗುವುದಿಲ್ಲ. ಆದರೆ ತೀರಾ ಚಿಕ್ಕವರಿದ್ದಾಗ ಚಿಕಿತ್ಸೆ ಆದವರಿಗೆ ಅಪಾಯ ಹೆಚ್ಚು. ಗಮನ ನಿಲ್ಲುವುದಿಲ್ಲ, ಕೈಯಲ್ಲಿ ಉಳಿದ ಅಂಕಿ ಮರೆತುಹೋಗುತ್ತದೆ, ಗಣಿತ ಕಷ್ಟ. ಕೆಲವೊಮ್ಮೆ ಇದು ಗೊತ್ತಾಗುವುದು ಚಿಕಿತ್ಸೆ ಮುಗಿದು ವರ್ಷಗಳಾದ ಮೇಲೆ. ಆಗ ಯಾರಿಗೆ ಆ ಹಳೆಯ ಕಾಯಿಲೆ ನೆನಪಾಗುತ್ತದೆ? ಸೋಮಾರಿ ಅನ್ನುತ್ತೇವೆ. ನಾನೂ ಅಂದಿದ್ದೆ. ವಿನ್‌ಕ್ರಿಸ್ಟಿನ್ ಎಂಬ ಇನ್ನೊಂದು ಔಷಧಿಗೆ ಬೆರಳುಗಳೂ ಜೋಮು ಹಿಡಿಯುತ್ತವಂತೆ. ಪೆನ್ಸಿಲನ್ನು ಅವನು ಮುಷ್ಟಿಯಲ್ಲಿ ಹಿಡಿಯುತ್ತಿದ್ದದ್ದು ನನಗೆ ಆಗ ನೆನಪಾಯಿತು.

ಮರುದಿನದಿಂದ ಬೋರ್ಡಿನ ಎಡಗಡೆ ಅವನಿಗೇ ಅಂತ ಬಿಟ್ಟೆ. ಸಂಜೆ ಗಂಟೆ ಹೊಡೆಯುವವರೆಗೆ ಅಲ್ಲಿ ಒರೆಸುತ್ತಿರಲಿಲ್ಲ. ಐದರ ಬದಲು ಮೂರೇ ಲೆಕ್ಕ. ಮೊದಲ ವಾರ ಎರಡು ಸರಿ ಬಂತು. ಮೂರನೆಯದನ್ನು ಅವನು ಮನೆಗೆ ಹೋಗುವ ಹೊತ್ತಿಗೆ, ಚೀಲ ಹೆಗಲಿಗೆ ಹಾಕಿಕೊಂಡು ನಿಂತೇ ಮುಗಿಸಿದ.